ಅದೇ ಕನಸು, ಹನ್ನೊಂದನೆಯ ಸಲ

ಮತ್ತೆ ಮತ್ತೆ ಅದೇ ಕನಸು ಬೀಳುತ್ತದೆ ಎಂದು ಬರುವವರು ಅದನ್ನು ಎರಡೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ. "ಬಸ್ಸಿಗೆ ಓಡ್ತೀನಿ, ಸಿಗಲ್ಲ." "ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆ, ಹಾಲ್ ಟಿಕೆಟ್ ಮರೆತು ಬಂದಿರ್ತೀನಿ." "ಬೋರ್ ಕೊರೆಸ್ತಾ ಇರ್ತೀನಿ, ಬರೀ ಧೂಳು ಬತ್ತೈತೆ." ಹೇಳಿದ ಮೇಲೆ ಅರ್ಥ ಏನು ಎಂದು ಮುಖ ನೋಡುತ್ತಾರೆ. ಆ ಗಳಿಗೆಯಲ್ಲಿ ಬಾಯಿ ತೆರೆದು ಅರ್ಥ ಹೇಳಿಬಿಟ್ಟರೆ ಅದು ಕೇಳಿದವರ ಅರ್ಥವಾಗುತ್ತದೆಯೇ ಹೊರತು ಕಂಡವರದಾಗುವುದಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಸೀಮೆಯಲ್ಲಿ ಜನರ ಜೊತೆ ಕೂತು ಕನಸು ಬರೆಸುವ ನಾವು ಮೊದಲ ದಿನ ಅರ್ಥದ ಮಾತೇ ಎತ್ತುವುದಿಲ್ಲ. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು ಕೊಟ್ಟು, ಕನಿಷ್ಠ ಆರು ವಾರ ಬರೆಯಿರಿ ಎಂದು ಕಳಿಸುತ್ತೇವೆ. ಅದೇ ಕನಸು ನಾಲ್ಕು ಸಲವಾದರೂ ಹಾಳೆಗೆ ಇಳಿಯಬೇಕು. ಅದಕ್ಕಿಂತ ಕಡಿಮೆಯಾದರೆ ಯಾವುದು ಕನಸಿನ ಗಟ್ಟಿ ಭಾಗ, ಯಾವುದು ಆ ರಾತ್ರಿ ಬಂದು ಸೇರಿಕೊಂಡದ್ದು ಎಂದು ಬೇರ್ಪಡಿಸಲಾಗುವುದಿಲ್ಲ.

ನೂರು ಹಾಳೆಯ ಲಾಂಗ್ ನೋಟ್‌ಬುಕ್ ಸಾಕು. ಪೆನ್ಸಿಲ್ ಏಕೆಂದರೆ ಮಲಗಿಕೊಂಡೇ ಬರೆಯಬೇಕಾಗುತ್ತದೆ, ಮೇಲ್ಮುಖವಾಗಿ ಹಿಡಿದ ಬಾಲ್ ಪೆನ್ನು ನಾಲ್ಕು ಪದಕ್ಕೆ ನಿಂತುಹೋಗುತ್ತದೆ. ಮೊಬೈಲಿನಲ್ಲಿ ಬರೆದುಕೊಳ್ಳುತ್ತೇನೆ ಎನ್ನುವವರಿಗೆ ಬೇಡ ಎನ್ನುತ್ತೇವೆ. ಪರದೆ ಬೆಳಗಿದ ಕೂಡಲೇ ರಾತ್ರಿ ಬಂದ ನಾಲ್ಕು ಮೆಸೇಜು ಕಣ್ಣಿಗೆ ಬೀಳುತ್ತವೆ, ಕನಸಿನ ಅರ್ಧ ಅಲ್ಲೇ ಅಳಿಸಿಹೋಗುತ್ತದೆ. ನೋಟ್‌ಬುಕ್ಕು ದಿಂಬಿನ ಪಕ್ಕ ಕೈಗೆಟುಕುವಂತೆ ಇರಲಿ. ಗೂಡಿನಲ್ಲಿಟ್ಟು ಎದ್ದು ಹೋಗಿ ತರುವಂತಿದ್ದರೆ ಉಪಯೋಗವಿಲ್ಲ.

ಎಚ್ಚರವಾದಾಗ ಕಣ್ಣು ಬಿಡದೆ, ಮಗ್ಗುಲು ಬದಲಿಸದೆ ಎರಡು ನಿಮಿಷ ಹಾಗೇ ಇರಬೇಕು. ಕೊನೆಗೆ ಕಂಡದ್ದನ್ನು ಮೊದಲು ಹಿಡಿದು, ಅದಕ್ಕೂ ಮುಂಚೆ ಏನಿತ್ತು, ಅದಕ್ಕೂ ಮುಂಚೆ ಏನಿತ್ತು ಎಂದು ಹಿಂದಕ್ಕೆ ನಡೆಯಬೇಕು. ಮೊದಲಿನಿಂದ ನೆನಪಿಸಿಕೊಳ್ಳಲು ಹೊರಟರೆ ಮಧ್ಯದಲ್ಲಿ ದಾರ ಹರಿಯುತ್ತದೆ. ಏನೂ ನೆನಪಾಗದಿದ್ದರೆ ಸಾಮಾನ್ಯವಾಗಿ ಮಲಗುವ ಇನ್ನೊಂದು ಮಗ್ಗುಲಿಗೆ ನಿಧಾನವಾಗಿ ತಿರುಗಿ ನೋಡಿ, ಕೆಲವರಿಗೆ ಆಗ ಬರುತ್ತದೆ. ಆಮೇಲೆ ಐದು ನಿಮಿಷದೊಳಗೆ, ನಡೆಯುತ್ತಿರುವಂತೆಯೇ ಬರೆಯಿರಿ: "ಹೋದೆ" ಎಂದಲ್ಲ, "ಹೋಗ್ತಾ ಇದ್ದೀನಿ" ಎಂದು. ಬಾಗಿಲ ನೀರು, ರಂಗೋಲಿ, ಕಾಫಿ ಎಲ್ಲ ಆಮೇಲೆ. ಅಕ್ಷರ ಚೆನ್ನಾಗಿರಬೇಕಾಗಿಲ್ಲ, ವಾಕ್ಯ ಮುಗಿಯಬೇಕಾಗಿಯೂ ಇಲ್ಲ.

ಎಡಗಡೆ ಹಾಳೆ ಕನಸಿಗೆ, ಬಲಗಡೆ ಹಾಳೆ ಹಗಲಿಗೆ. ಬಲಗಡೆಯಲ್ಲಿ ತಾರೀಖು, ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಉಂಡದ್ದು, ನುಂಗಿದ ಮಾತ್ರೆ, ಹೆಂಗಸರಾದರೆ ಮುಟ್ಟಿನ ದಿನ, ಹಿಂದಿನ ದಿನ ಮನೆಗೆ ಬಂದವರು, ಫೋನಿನಲ್ಲಿ ಮಾತಾಡಿದವರು. ಜನ ಎಡಗಡೆ ಹಾಳೆಯನ್ನು ತುಂಬು ಪ್ರೀತಿಯಿಂದ ತುಂಬಿಸಿ ಬಲಗಡೆಯನ್ನು ಖಾಲಿ ಬಿಟ್ಟು ತರುತ್ತಾರೆ. ಎಲ್ಲಕ್ಕಿಂತ ಹೆಚ್ಚು ಎಡವುವುದು ಇಲ್ಲೇ. ಕನಸು ಬೀಳದ ದಿನವೂ ಬಲಗಡೆ ಹಾಳೆ ತುಂಬಬೇಕು, ಇಲ್ಲದಿದ್ದರೆ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಓದುಬರಹ ಇಲ್ಲದವರು ದಿನಾ ಬೆಳಗ್ಗೆ ಮನೆಯಲ್ಲಿ ಒಬ್ಬರಿಗೇ ಹೇಳಿ ಬರೆಸಬಹುದು. ಮೊಮ್ಮಕ್ಕಳ ಕೈಲಿ ಬರೆಸಿದರೆ ಮಾತ್ರ ಒಂದು ಎಚ್ಚರಿಕೆ: ಮಕ್ಕಳು ಕಥೆ ಚೆನ್ನಾಗಿ ಬರಲಿ ಎಂದು ಕೈಯಿಂದ ಸೇರಿಸುತ್ತಾರೆ. ಅಜ್ಜಿ ಹೇಳಿದ "ನೀರು" ಬರೆಯುವಷ್ಟರಲ್ಲಿ "ಸಮುದ್ರ" ಆಗಿರುತ್ತದೆ.

ಹೊತ್ತು ಏಕೆ ಬರೆಯಬೇಕೆಂದರೆ, ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತು ತಿರುಗುತ್ತದೆ. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯ ಒಳಗೆ ಕಣ್ಣು ಓಡಾಡುವ ರೆಮ್ ನಿದ್ದೆ ಬರುತ್ತದೆ. 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಗುರುತಿಸಿ ಪ್ರಕಟಿಸಿದರು. ರಾತ್ರಿಯ ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ, ಬೆಳಗಿನ ಕಡೆಗೆ ಅರ್ಧ ಗಂಟೆಗೂ ಮಿಕ್ಕಿ ಉದ್ದವಾಗುತ್ತದೆ. ಕಥೆಯಂತೆ ಹರಿಯುವ ಕನಸುಗಳು ಹೆಚ್ಚಾಗಿ ಈ ಹೊತ್ತಿನವು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಹಿರಿಯರು ಹೇಳಿದ್ದಕ್ಕೆ ಇಷ್ಟು ಆಧಾರವಂತೂ ಇದೆ: ಆ ಕನಸು ಉದ್ದವಾಗಿರುತ್ತದೆ, ಅದರಿಂದ ನೇರವಾಗಿ ಎಚ್ಚರವಾಗುವುದರಿಂದ ಮನಸ್ಸಿನಲ್ಲಿ ನಿಲ್ಲುತ್ತದೆ.

ಬರೆಯುವುದು ಶುರುವಾದ ಎರಡನೇ ವಾರಕ್ಕೆ ದೇಹದ ವಿಚಾರಣೆ. ಅರ್ಥ ಹುಡುಕುವ ಮೊದಲು ಇದು ಮುಗಿಯಲೇಬೇಕು. ನೀರಿನಲ್ಲಿ ಮುಳುಗುವುದು, ಯಾರೋ ಕತ್ತು ಹಿಸುಕುವುದು, ಮಣ್ಣಿನಲ್ಲಿ ಹೂತುಹೋಗುವುದು ಪದೇ ಪದೇ ಕಾಣುತ್ತಿದ್ದರೆ ಪಕ್ಕದಲ್ಲಿ ಮಲಗುವವರನ್ನು ಕೇಳಬೇಕು: ಗೊರಕೆ ಇದೆಯೇ, ಗೊರಕೆ ನಡುವೆ ಉಸಿರು ನಿಂತು ಆಮೇಲೆ ಜೋರಾಗಿ ಎಳೆದುಕೊಳ್ಳುತ್ತಾರೆಯೇ, ಹಗಲು ಕೂತಲ್ಲೇ ತೂಕಡಿಸುತ್ತಾರೆಯೇ? ಹೌದಾದರೆ ಅದು ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರಬಹುದು. ಅದಕ್ಕೆ ಡಾಕ್ಟರು ಬೇಕು, ನೋಟ್‌ಬುಕ್ಕಿನಿಂದ ಏನೂ ಆಗದು. ಬಿಪಿಗೆ, ಕೈನಡುಕಕ್ಕೆ, ಮೈಗ್ರೇನಿಗೆ ಕೊಡುವ ಪ್ರೊಪ್ರಾನೊಲಾಲ್‌ನಂಥ ಮಾತ್ರೆಗಳು, ಕೆಲವು ಖಿನ್ನತೆಯ ಮಾತ್ರೆಗಳು ಕನಸನ್ನು ಗಾಢ ಮಾಡುತ್ತವೆ. ಮಾತ್ರೆ ಶುರುವಾದ ತಾರೀಖನ್ನೂ ಕನಸು ಶುರುವಾದ ತಾರೀಖನ್ನೂ ಪಕ್ಕಪಕ್ಕ ಇಟ್ಟರೆ ಗೊತ್ತಾಗುತ್ತದೆ. ಹಾಗೆಂದು ಮಾತ್ರೆಯನ್ನು ತಾವೇ ನಿಲ್ಲಿಸಬಾರದು, ಬರೆದುಕೊಟ್ಟವರಿಗೇ ತೋರಿಸಬೇಕು. ವರ್ಷಗಟ್ಟಲೆ ಕುಡಿದು ಈಗ ಬಿಟ್ಟವರಿಗೆ ಮೊದಲ ವಾರಗಳಲ್ಲಿ ಕನಸಿನ ಹೊಳೆಯೇ ಹರಿಯುತ್ತದೆ, ಅಷ್ಟು ದಿನ ಅದುಮಿಟ್ಟಿದ್ದ ರೆಮ್ ನಿದ್ದೆ ಬಡ್ಡಿ ಸಮೇತ ವಾಪಸ್ಸು ಬರುತ್ತದೆ.

ಇನ್ನೊಂದು ಸಂಗತಿಯನ್ನು ತಪ್ಪದೆ ಕೇಳುತ್ತೇವೆ. 50 ದಾಟಿದವರು ಕನಸು ಕಾಣುತ್ತಲೇ ಕೈ ಬೀಸುವುದು, ಒದೆಯುವುದು, ಕೂಗಿ ಮಂಚದಿಂದ ಬೀಳುವುದು ನಡೆದಿದ್ದರೆ ನರರೋಗ ತಜ್ಞರನ್ನು ಕಾಣಬೇಕು. ರೆಮ್ ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗಿ ಬಿದ್ದಿರಬೇಕು, ಆ ತಡೆ ಕೆಟ್ಟಾಗ ಹೀಗಾಗುತ್ತದೆ. ಕೆಲವರಲ್ಲಿ ಇದು ಮುಂದೆ ಬರುವ ಪಾರ್ಕಿನ್ಸನ್ ಕಾಯಿಲೆಯ ಮುನ್ಸೂಚನೆ. ಇದರ ತಿರುಗುಮುರುಗು, ಎಚ್ಚರವಾಗಿದೆ ಆದರೆ ಮೈ ಅಲುಗುತ್ತಿಲ್ಲ, ಎದೆ ಮೇಲೆ ಯಾರೋ ಕೂತಿದ್ದಾರೆ ಎನ್ನುವುದು. ಇದನ್ನು ಜನ ದೆವ್ವದ ಕಾಟ ಎಂದು ನಮ್ಮಲ್ಲಿಗೆ ತರುತ್ತಾರೆ. ಆ ಸ್ನಾಯು ಸಡಿಲಿಕೆ ಎಚ್ಚರವಾದ ಮೇಲೂ ಒಂದೆರಡು ನಿಮಿಷ ಬಿಡದೆ ಉಳಿದದ್ದು ಅದು. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ ಹೆಚ್ಚು. ಮಗ್ಗುಲಾಗಿ ಮಲಗಿ, ನಾಲ್ಕು ದಿನ ಒಂದೇ ಹೊತ್ತಿಗೆ ನಿದ್ದೆ ಮಾಡಿದರೆ ಬಹಳ ಮಂದಿಗೆ ಇಳಿಯುತ್ತದೆ.

ಚರಕ ಸಂಹಿತೆಯ ಇಂದ್ರಿಯಸ್ಥಾನದಲ್ಲಿ ಕನಸನ್ನು ಏಳು ಬಗೆ ಮಾಡಿದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ದೋಷದಿಂದ ಹುಟ್ಟಿದ್ದು. ಇದರಲ್ಲಿ ಮೊದಲಿನ ಐದಕ್ಕೆ ಫಲವಿಲ್ಲ ಎಂದೇ ಅಲ್ಲಿ ಹೇಳಿದೆ. ಸ್ವಪ್ನಫಲ ನಂಬುವ ಹಿರಿಯರ ಜೊತೆ ಮಾತಾಡುವಾಗ ನಮಗೆ ಇದು ಬಹಳ ನೆರವಾಗಿದೆ. ಶಾಸ್ತ್ರವೇ ಹೆಚ್ಚಿನ ಕನಸುಗಳನ್ನು ಹಗಲಿನ ಬಾಕಿ ಎನ್ನುತ್ತದೆ, ಕೊನೆಯದನ್ನು ದೇಹದ ಕಡೆಗೆ ತೋರಿಸುತ್ತದೆ ಎಂದರೆ ಅವರು ಕೂತು ಕೇಳುತ್ತಾರೆ, ಬಲಗಡೆ ಹಾಳೆಯನ್ನೂ ತುಂಬಿಸುತ್ತಾರೆ.

ಪಂಚಾಂಗದಲ್ಲಿ, ಅಜ್ಜಿಯ ಬಾಯಲ್ಲಿ ಇರುವ ಫಲಗಳನ್ನು ಕೂಡ ತಳ್ಳಿಹಾಕಬಾರದು. ಹಲ್ಲು ಬಿದ್ದರೆ ಮನೆಯಲ್ಲಿ ಸಾವು, ಮದುವೆ ಕಂಡರೆ ಸೂತಕ, ಹಾವು ಕಂಡರೆ ನಾಗಪ್ಪನ ಹರಕೆ ಬಾಕಿ ಎಂದು ಕೇಳಿಕೊಂಡೇ ಬೆಳೆದವರ ಮನಸ್ಸಿನಲ್ಲಿ ಆ ನಂಟು ಆಗಲೇ ಕೂತಿರುತ್ತದೆ. ಹಾವು ಕಂಡು ಹೆದರಿದವರು ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬರುತ್ತೇವೆ ಎಂದರೆ ಹೋಗಿಬನ್ನಿ ಎನ್ನುತ್ತೇವೆ, ಹೋದ ತಾರೀಖನ್ನು ಬಲಗಡೆ ಬರೆಯಿರಿ ಎಂದಷ್ಟೇ ಸೇರಿಸುತ್ತೇವೆ. ಹಲ್ಲಿನ ಕನಸಿಗೆ ಮಾತ್ರ ಮೊದಲು ಬಾಯಿ ತೆರೆಸಿ ನೋಡುವುದು ಒಳ್ಳೆಯದು. 2018ರಲ್ಲಿ ಪ್ರಕಟವಾದ ಇಸ್ರೇಲಿನ ಒಂದು ಅಧ್ಯಯನದಲ್ಲಿ ಹಲ್ಲು ಬೀಳುವ ಕನಸು ಮನಸ್ಸಿನ ಸಂಕಟಕ್ಕಿಂತ, ಬೆಳಗ್ಗೆ ಎದ್ದಾಗ ಹಲ್ಲು, ಒಸಡು, ದವಡೆಯಲ್ಲಿ ಇರುವ ಬಿಗಿತಕ್ಕೆ ಹೆಚ್ಚು ತಾಳೆಯಾಯಿತು. ರಾತ್ರಿ ಹಲ್ಲು ಕಡಿಯುವವರು ನಮ್ಮಲ್ಲಿ ಕಡಿಮೆ ಇಲ್ಲ. ಅದೂ ಇಲ್ಲವಾದರೆ ಆಗ ಕೇಳಬೇಕು, ನಿಮಗೆ ಹಲ್ಲು ಅಂದರೆ ಏನು? ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ಫ್ಲೋರೈಡ್ ನೀರಿನಿಂದ ಹಲ್ಲು ಕಂದು ತಿರುಗಿದ ಹುಡುಗಿಗೆ ಹಲ್ಲು ಎಂದರೆ ಹೆಣ್ಣು ನೋಡಲು ಬಂದವರ ಮುಂದೆ ಬಾಯಿ ಮುಚ್ಚಿಕೊಂಡು ನಗುವುದು. ಆ ಅರ್ಥ ಯಾವ ಸ್ವಪ್ನಫಲದ ಪುಸ್ತಕದಲ್ಲೂ ಸಿಗದು, ವಿಯೆನ್ನಾದಲ್ಲಿ ಕೂತು ಫ್ರಾಯ್ಡ್ ಬರೆದದ್ದರಲ್ಲೂ ಸಿಗದು.

ನಾಲ್ಕು ಸಲದ ಕನಸು ಹಾಳೆಗೆ ಬಂದ ಮೇಲೆ ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಂಡು ಕೂರುತ್ತೇವೆ. ಪ್ರತಿ ಸಲವೂ ಹಾಗೇ ಇರುವುದಕ್ಕೆ ಕೆಂಪು ಗೆರೆ, ಬದಲಾದದ್ದಕ್ಕೆ ನೀಲಿ ಗೆರೆ. ಜಾಗ, ಜನ, ಮಾಡುತ್ತಿದ್ದ ಕೆಲಸ, ಸದ್ದು, ಬೆಳಕು, ಎಚ್ಚರವಾದ ಗಳಿಗೆ ಎಲ್ಲವನ್ನೂ ನೋಡಬೇಕು. ಅದಕ್ಕಿಂತ ಮುಖ್ಯವಾಗಿ ಎದ್ದಾಗ ಎದೆಯಲ್ಲಿ ಉಳಿದದ್ದು ಏನು ಎಂದು ಒಂದೇ ಪದದಲ್ಲಿ ಕೇಳಬೇಕು. "ಭಯ" ಎಂದು ಥಟ್ಟನೆ ಹೇಳಿದರೆ ನಂಬಿ ಮುಂದೆ ಹೋಗಬಾರದು. ಕೆಟ್ಟ ಕನಸು ಎಂದ ಮೇಲೆ ಭಯ ಎನ್ನುವುದು ಬಾಯಿಗೆ ಬರುವ ಮಾತು. ಎರಡನೇ ಸಲ ಕೇಳಿದಾಗ ನಾಚಿಕೆ, ಸಿಟ್ಟು, ಹಸಿವು, ತಡವಾಯಿತು ಎನ್ನುವ ಅವಸರ, ಹೀಗೆ ನಿಜವಾದದ್ದು ಹೊರಡುತ್ತದೆ.

ಕೆಂಪು ಗೆರೆ ಎಲ್ಲ ಕಡೆಯೂ ಬಿದ್ದು ನೀಲಿಯೇ ಇಲ್ಲದಿದ್ದರೆ ಅಲ್ಲಿಗೆ ನಿಲ್ಲಿಸುತ್ತೇವೆ. ಅಪಘಾತವನ್ನೋ ಬೆಂಕಿಯನ್ನೋ ಕಂಡವರಿಗೆ ಆದದ್ದೇ ಆದ ಹಾಗೆ, ಒಂದು ಸದ್ದೂ ಬದಲಾಗದೆ, ವರ್ಷಗಟ್ಟಲೆ ತಿರುಗಿ ಬರಬಹುದು. ಕೆಜಿಎಫ್ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಒಳಗೆ ಬಂಡೆ ಸಿಡಿದದ್ದನ್ನು ಕಂಡ ಹಿರಿಯರೊಬ್ಬರು ಇವತ್ತಿಗೂ ಅದೇ ಕತ್ತಲು, ಅದೇ ಧೂಳು, ಅದೇ ಕೂಗು ಕೇಳಿ ಬೆವತು ಏಳುವವರಾಗಿದ್ದರೆ ಅದರಲ್ಲಿ ಬಿಡಿಸಬೇಕಾದ ಒಗಟೇನಿಲ್ಲ. ಗಾಯ ಇನ್ನೂ ಹಸಿ ಇದೆ ಎಂದಷ್ಟೇ. ಅವರಿಗೆ ಮನೋವೈದ್ಯರು ಬೇಕು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗ, ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ನಡೆಯುವ ಮನೋಚೈತನ್ಯ ಶಿಬಿರ, ಇಲ್ಲವೇ 14416ಕ್ಕೆ ಟೆಲಿ ಮಾನಸ್ ಕರೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ. ಬದುಕು ಸಾಕಾಗಿದೆ ಎನ್ನುವ ಮಾತು ಹಾಳೆಯಲ್ಲಿ ಎಲ್ಲಿ ಕಂಡರೂ ಕನಸಿನ ಕೆಲಸ ಬದಿಗಿಟ್ಟು ಇದೇ ದಾರಿ ಹಿಡಿಯುತ್ತೇವೆ.

ಕೆಂಪು ಮತ್ತು ನೀಲಿ ಎರಡೂ ಇದ್ದ ಒಂದು ಕನಸನ್ನು ಹತ್ತಿರದಿಂದ ನೋಡೋಣ. ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯೊಂದರ ರೇಷ್ಮೆ ಬೆಳೆಯುವ ಮನೆಯ ಹೆಂಗಸು, ವಯಸ್ಸು ನಲವತ್ತೈದರ ಆಸುಪಾಸು. ಕನಸು ಇಷ್ಟು: ಹುಳು ಮನೆಯೊಳಗೆ ಹೋಗುತ್ತಾರೆ, ಕಂಕುಳಲ್ಲಿ ಸೊಪ್ಪಿನ ಹೊರೆ ಇದೆ. ಹುಳುಗಳೆಲ್ಲ ತಲೆ ಎತ್ತಿಕೊಂಡಿವೆ. ಹೊರೆ ಬಿಚ್ಚಲು ಹೋದರೆ ಕಟ್ಟಿದ ಗಂಟು ಬಿಚ್ಚಿಕೊಳ್ಳುವುದಿಲ್ಲ. ಉಗುರು ಹಾಕುತ್ತಾರೆ, ಹಲ್ಲು ಹಾಕುತ್ತಾರೆ. ಎಚ್ಚರವಾಗುತ್ತದೆ. ಎರಡೂವರೆ ತಿಂಗಳಲ್ಲಿ ಇದು ಹನ್ನೊಂದು ಸಲ ಬಂತು.

ನಾಲ್ಕನೇ ವಾರಕ್ಕೆ ನಮ್ಮ ಕಡೆಯಿಂದ ಒಂದು ಅರ್ಥ ಹೊರಟಿತ್ತು: ಬೆಳೆಯ ಚಿಂತೆ. ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವುದು, ಮುಗಿದು ಎದ್ದ ಮೇಲೆ ಹುಳುವಿಗೆ ಏಳೆಂಟು ದಿನ ತಡೆಯಲಾರದ ಹಸಿವು. ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಈ ದಿನಗಳಲ್ಲೇ ಹೋಗುತ್ತದೆ. ಆಗ ಸೊಪ್ಪು ಸಾಲದೆ ಬಂದರೆ ಗೂಡು ಪೊಳ್ಳು, ರೇಟು ಬಿದ್ದುಹೋಗುತ್ತದೆ. ಹೇಳಲು ಎಷ್ಟು ಸಲೀಸಾದ ಅರ್ಥ! ಹೇಳಿದ್ದಕ್ಕೆ ಅವರು "ಇರ್ಬೋದಣ್ಣಾ" ಎಂದರು.

"ಇರ್ಬೋದು" ಎನ್ನುವುದು ಮರ್ಯಾದೆಯ ಮಾತು. ಅರ್ಥ ತಗುಲಿದ್ದರೆ ಯಾರೂ ಇರ್ಬೋದು ಎನ್ನುವುದಿಲ್ಲ. ಒಂದು ಗಳಿಗೆ ಸುಮ್ಮನಾಗುತ್ತಾರೆ, ಉಸಿರು ಬದಲಾಗುತ್ತದೆ, ಅಲ್ಲಿಯತನಕ ಹೇಳದೇ ಇದ್ದ ಇನ್ನೊಂದು ವಿವರ ತಾನಾಗಿ ಬಾಯಿಗೆ ಬರುತ್ತದೆ. ಅದು ಬಾರದಿದ್ದರೆ ಅರ್ಥ ಎಷ್ಟು ಚೆಂದವಾಗಿದ್ದರೂ ಕೈಬಿಡಬೇಕು. ಸಲೀಸಾದ ಅರ್ಥ ಏಕೆ ಹೆಚ್ಚಾಗಿ ತಪ್ಪುತ್ತದೆ ಎಂದರೆ, ಬೆಳೆಯ ಚಿಂತೆಯನ್ನು ಅವರು ಹಗಲೆಲ್ಲ ಮಾಡುತ್ತಲೇ ಇರುತ್ತಾರೆ. ಗಂಡನ ಹತ್ತಿರ, ಮಾರ್ಕೆಟ್ಟಿನಲ್ಲಿ, ಪಕ್ಕದ ಮನೆಯವರ ಹತ್ತಿರ ಆಡುತ್ತಲೇ ಇರುತ್ತಾರೆ. ಆಡಿ ಮುಗಿದದ್ದಕ್ಕೆ ಹನ್ನೊಂದು ಸಲ ಬರುವ ದರ್ದು ಕಡಿಮೆ.

ಹಾಳೆಗಳಿಗೆ ವಾಪಸ್ಸು ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ತಾರೀಖು. ಹನ್ನೊಂದರಲ್ಲಿ ಒಂಬತ್ತು ಸಲ ಕನಸು ಬಿದ್ದದ್ದು ಮನೆಯಲ್ಲಿ ಹುಳುವೇ ಇಲ್ಲದ ದಿನಗಳಲ್ಲಿ, ಗೂಡು ಮಾರ್ಕೆಟ್ಟಿಗೆ ಹೋಗಿ, ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ, ಸುಣ್ಣ ಹೊಡೆದು ಬಾಗಿಲು ಹಾಕಿದ್ದಾಗ. ಇದಕ್ಕೆ ಇನ್ನೊಂದು ಕಾರಣವೂ ಇರಬಹುದು ಎನ್ನುವುದನ್ನು ಮರೆಯಬಾರದು. ಬೆಳೆಯಿದ್ದಾಗ ರಾತ್ರಿ ಹನ್ನೊಂದಕ್ಕೆ ಸೊಪ್ಪು ಹಾಕಿ ಬೆಳಗ್ಗೆ ನಾಲ್ಕೂವರೆಗೆ ಮತ್ತೆ ಏಳುವವರಿಗೆ ಕೊನೆಯ ಉದ್ದದ ರೆಮ್ ನಿದ್ದೆಯೇ ಸಿಗುವುದಿಲ್ಲ. ಬೆಳೆ ಮುಗಿದ ಮೇಲೆ ನಿದ್ದೆ ತುಂಬುತ್ತದೆ, ಕನಸೂ ತುಂಬುತ್ತದೆ. ಮಲಗಿದ ಹೊತ್ತು ಬರೆದಿರದಿದ್ದರೆ ಈ ಅನುಮಾನವೇ ಬರುತ್ತಿರಲಿಲ್ಲ. ಆದ್ದರಿಂದ ಬಿಡುವಿನ ದಿನಗಳನ್ನೇ ಒಂದಕ್ಕೊಂದು ಹೋಲಿಸಬೇಕಾಯಿತು. ನಿದ್ದೆ ಒಂದೇ ಸಮ ಇದ್ದ ಆ ದಿನಗಳಲ್ಲಿ ಕೆಲವು ರಾತ್ರಿ ಕನಸು ಬಂದಿದೆ, ಕೆಲವು ರಾತ್ರಿ ಇಲ್ಲ. ಬಂದ ಒಂಬತ್ತರಲ್ಲಿ ಎಂಟರ ಎದುರಿನ ಬಲಗಡೆ ಹಾಳೆಯಲ್ಲಿ ಒಂದೇ ಮಾತು: "ಅಮ್ಮನಿಗೆ ಫೋನ್."

ಇಷ್ಟು ಕಂಡರೂ ನಾವು ಅದನ್ನು ಎತ್ತಿ ತೋರಿಸಲಿಲ್ಲ. ಎತ್ತಿ ತೋರಿಸಿದರೆ ಅದು ಮತ್ತೆ ನಮ್ಮ ಅರ್ಥವೇ. ಆಗ ಕೇಳುವ ರೀತಿ ಒಂದಿದೆ. ಕನಸಿನ ಒಂದೊಂದು ವಸ್ತುವನ್ನೂ, ಅದನ್ನು ಎಂದೂ ಕಾಣದ ದೂರದ ಊರಿನವರಿಗೆ ತಿಳಿಯುವಂತೆ ಹೇಳಿ ಎಂದು ಕೇಳಬೇಕು. ನಡುವೆ ಬಾಯಿ ಹಾಕಬಾರದು.

"ಹುಳು ಮನೆ ಅಂದ್ರೆ ಹೆಂಗಿರ್ತದಕ್ಕಾ? ನಾವು ನೋಡೇ ಇಲ್ಲ ಅನ್ಕೊಳ್ಳಿ."

"ಹೆಂಗಂದ್ರೆ, ಸೊಪ್ಪು ಹಾಕಿದ್ ತಕ್ಷಣ ಮಳೆ ಹುಯ್ದಂಗೆ ಸದ್ದು ಬತ್ತೈತಣ್ಣಾ. ಸೊರ್ ಅಂತ. ಆ ಸದ್ದು ಕೇಳಿದ್ರೆ ಹೊಟ್ಟೆ ತಣ್ಣಗಾಗ್ತದೆ."

"ಕನಸಲ್ಲಿ?"

"ಕನಸಲ್ಲಿ ಸದ್ದೇ ಇಲ್ಲ. ಸುಮ್ನೆ ನೋಡ್ತಾವೆ."

ಹನ್ನೊಂದು ಸಲವೂ ಸದ್ದಿರಲಿಲ್ಲ. ಬರೆದ ಹಾಳೆಯಲ್ಲಿ ಎಲ್ಲೂ ಅದು ಇರಲಿಲ್ಲ, ಇಲ್ಲದ್ದನ್ನು ಯಾರೂ ಬರೆಯುವುದಿಲ್ಲವಲ್ಲ. ಎದ್ದಾಗ ಉಳಿಯುವುದು ಭಯವೇ ಎಂದು ಎರಡನೇ ಸಲ ಕೇಳಿದ್ದಕ್ಕೆ, "ಭಯ ಅಲ್ಲ, ನಾಚ್ಕೆ. ತಂದಿದ್ದೀನಿ, ಕೊಡಕ್ಕಾಗ್ತಿಲ್ಲ" ಎಂದರು. ಆಮೇಲೆ ಕೇಳಬೇಕಾದದ್ದು ಒಂದೇ: ಹಗಲು ಹೊತ್ತಿನಲ್ಲಿ ಇದೇ ನಾಚಿಕೆ ಯಾವಾಗ ಆಗುತ್ತದೆ? ಅದಕ್ಕೆ ಅವರು ತುಂಬ ಹೊತ್ತು ಸುಮ್ಮನಿದ್ದರು. ಚಿಂತಾಮಣಿಯ ಹತ್ತಿರ ಅಣ್ಣನ ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾರೆ. ಸೊಸೆ ತುತ್ತು ಕೊಟ್ಟರೆ ಬಾಯಿ ತೆರೆಯುವುದಿಲ್ಲ. "ಉಂಡ್ಯೇನಮ್ಮಾ ಅಂದ್ರೆ ಫೋನಲ್ಲಿ ಸುಮ್ಕಿರ್ತಾಳೆ." ಬೆಳೆ ಇರುವಾಗ ಹೋಗಲಾಗದು ಎಂದು ಎಲ್ಲರಿಗೂ ಗೊತ್ತು, ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ಬೆಳೆ ಇಲ್ಲದಾಗ ಹೋಗಬಹುದಿತ್ತು. ಅಣ್ಣನ ಜೊತೆ ಜಮೀನಿನ ಪಾಲಿನ ವಿಷಯಕ್ಕೆ ಮಾತು ನಿಂತು ಎರಡು ವರ್ಷ. ಆ ಗಂಟು ಏನೆಂದು ನಾವು ಕೇಳಲಿಲ್ಲ, ಅವರೇ ಹೇಳಿದರು.

ಅವರು ಹೋಗಿ ನಾಲ್ಕು ದಿನ ಇದ್ದು ಬಂದರು. ಹೋಗಬೇಕು ಎಂದು ನಾವು ಹೇಳಿದ್ದಲ್ಲ. ಕನಸು ಓದುವವರು ಮುಂದೇನು ಮಾಡಬೇಕೆಂದು ಹೇಳಲು ಹೊರಟರೆ ಜನ ಮುಂದಿನ ಸಲ ನಿಜವನ್ನು ಅಳೆದು ಹೇಳುತ್ತಾರೆ. ಕನಸು ಅವತ್ತೇ ನಿಲ್ಲಲಿಲ್ಲ. ಬಂದ ಮೇಲೆ ಎರಡು ಸಲ ಬಿತ್ತು. ಮೊದಲನೆಯದರಲ್ಲಿ ಗಂಟು ಹಾಗೇ ಇತ್ತು, ಬಾಗಿಲಲ್ಲಿ ಅತ್ತಿಗೆ ನಿಂತಿದ್ದರು. ಎರಡನೆಯದರಲ್ಲಿ ಹೊರೆ ಆಗಲೇ ಬಿಚ್ಚಿತ್ತು, ಸೊಪ್ಪು ಬಾಡಿತ್ತು. ಹೀಗೆ ನೀಲಿ ಗೆರೆ ಹೆಚ್ಚುವುದು ನಮಗೆ ಮುಖ್ಯ. ಗಟ್ಟಿಯಾಗಿ ನಿಂತಿದ್ದ ಭಾಗ ಅಲುಗಿತು ಎಂದರೆ ಕೈ ಸರಿಯಾದ ಕಡೆ ಬಿದ್ದಿದೆ ಎಂದು ಲೆಕ್ಕ. ಹಾಗೆಂದು ಇದು ಸಾಬೀತಾಯಿತು ಎನ್ನುವಂತಿಲ್ಲ. ಬೆಳೆಯ ದಿನಗಳಲ್ಲೂ ತಾಯಿಗೆ ಫೋನು ಮಾಡಿದ್ದರು, ಆಗ ಬಿದ್ದದ್ದು ಎರಡೇ ಕನಸು. ಉಳಿದ ರಾತ್ರಿ ಬೀಳಲಿಲ್ಲವೋ, ಬಿದ್ದದ್ದು ನೆನಪುಳಿಯಲಿಲ್ಲವೋ, ಆ ನೋಟ್‌ಬುಕ್ಕಿನಿಂದ ತೀರ್ಮಾನಿಸಲಾಗದು.

ಬೋರ್ ಕೊರೆಸುವ ಕನಸಿಗೂ ಇದೇ ಕ್ರಮ. ಈ ಸೀಮೆಯಲ್ಲಿ ಸಾವಿರದ ಇನ್ನೂರು ಅಡಿ ಇಳಿದು ಬಿಳಿ ಧೂಳು ಕಂಡವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಒಬ್ಬರಿಗೆ ಆ ಧೂಳು ಸಾಲ, ಇನ್ನೊಬ್ಬರಿಗೆ ನೀರಿನ ಪಾಯಿಂಟ್ ತೋರಿಸಿದ ಭಾವನ ಮೇಲೆ ಆಡದೆ ಉಳಿದ ಸಿಟ್ಟು, ಮತ್ತೊಬ್ಬರಿಗೆ ಮಕ್ಕಳಾಗದ ಸಂಕಟ. ಪರೀಕ್ಷೆಯ ಕನಸಿಗೆ ಮಾತ್ರ ಒಂದು ಪ್ರಶ್ನೆ ಹೆಚ್ಚಿಗೆ ಕೇಳುತ್ತೇವೆ: ಕನಸಿನಲ್ಲಿ ಫೇಲಾಗುವ ಆ ವಿಷಯದಲ್ಲಿ ನಿಜವಾಗಿ ಪಾಸಾಗಿದ್ದಿರಾ? ಬಹಳ ಮಂದಿ ಪಾಸಾದವರೇ. ಈಗ ಯಾರು ನಿಮ್ಮ ಉತ್ತರ ಪತ್ರಿಕೆ ತಿದ್ದುತ್ತಿದ್ದಾರೆ ಎನ್ನುವ ಕಡೆ ಮಾತು ತಾನಾಗಿ ಹೋಗುತ್ತದೆ. ಸತ್ತವರು ಕಾಣುವ ಕನಸನ್ನು ಅವಸರದಲ್ಲಿ ಓದಲೇಬಾರದು. ಪಿತೃಪಕ್ಷದಲ್ಲಿ, ವರ್ಷಾಬ್ದಿಕದ ಹತ್ತಿರ ಅವು ಹೆಚ್ಚುತ್ತವೆ. ಅದರಲ್ಲಿ ಬಹುಪಾಲು ಜನಕ್ಕೆ ಬೇಕಾದದ್ದು ಅರ್ಥವಲ್ಲ, ಆ ಕನಸನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಒಬ್ಬರು.

ಅರ್ಥ ಸಿಕ್ಕಿದರೂ ಕೆಲವರಿಗೆ ಕೆಟ್ಟ ಕನಸು ಬಿಡುವುದಿಲ್ಲ. ಹಗಲಲ್ಲಿ ಕನಸನ್ನು ತಿದ್ದಿ ಅಭ್ಯಾಸ ಮಾಡುವ ಒಂದು ಕ್ರಮ ಅವರಿಗಿದೆ. ಬ್ಯಾರಿ ಕ್ರಾಕೌ ಎಂಬ ವೈದ್ಯರು ಮತ್ತು ಅವರ ಜೊತೆಯವರು ಇದನ್ನು ಲೈಂಗಿಕ ದೌರ್ಜನ್ಯದಿಂದ ನೊಂದ ಹೆಂಗಸರ ದುಃಸ್ವಪ್ನಗಳ ಮೇಲೆ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ಕನಸುಗಳೂ ಕಡಿಮೆಯಾದವು, ನಿದ್ದೆಯೂ ಸುಧಾರಿಸಿತು. ಮಾಡುವ ಬಗೆ ಹೀಗೆ: ಇರುವುದರಲ್ಲಿ ಸ್ವಲ್ಪ ಮೆತ್ತಗಿನ ಕನಸನ್ನು ಆರಿಸಿಕೊಳ್ಳಬೇಕು, ಎಲ್ಲಕ್ಕಿಂತ ಭಯಂಕರವಾದದ್ದನ್ನು ಮೊದಲೇ ಮುಟ್ಟಬಾರದು. ಅದನ್ನು ಬರೆದು, ಅದರಲ್ಲಿ ತನಗೆ ಇಷ್ಟ ಬಂದಂತೆ ಏನನ್ನಾದರೂ ಬದಲಿಸಿ ಹೊಸ ಕನಸನ್ನು ಪೂರ್ತಿ ಬರೆಯಬೇಕು. ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಹೊಸದನ್ನು ಮಾತ್ರ 10ರಿಂದ 20 ನಿಮಿಷ ಮನಸ್ಸಿನಲ್ಲಿ ನಡೆಸಬೇಕು. ಹಳೆಯದನ್ನು ಮತ್ತೆ ಓದಬಾರದು. ವಾರಕ್ಕೆ ಎರಡಕ್ಕಿಂತ ಹೆಚ್ಚು ಕನಸು ಹಿಡಿಯಬಾರದು. ಎರಡು ಮೂರು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಇಲ್ಲಿ ಕೆಡುವುದು ಎರಡು ಕಡೆ. ಬದಲಾವಣೆಯನ್ನು ಮನೆಯವರು ಹೇಳಿಕೊಟ್ಟರೆ ಹಿಡಿಯುವುದಿಲ್ಲ. ಪಾಳುಬಾವಿಯ ಮೆಟ್ಟಿಲು ಮುರಿದು ಬೀಳುವ ಕನಸಿನವರಿಗೆ ಮಗ "ಬಾವಿ ಮುಚ್ಚಿಬಿಟ್ಟಂಗೆ ಅನ್ಕೊಳ್ಳಪ್ಪಾ" ಎಂದಿದ್ದ, ವಾರವಾದರೂ ಕನಸು ಕದಲಲಿಲ್ಲ. ಆಮೇಲೆ ಅವರೇ ಕೈಗೆ ಒಂದು ಹಗ್ಗ ಕೊಟ್ಟುಕೊಂಡರು, ಬಾವಿ ಹಾಗೇ ಇತ್ತು, ಮೆಟ್ಟಿಲೂ ಮುರಿಯಿತು, ಬೀಳಲಿಲ್ಲ. ಎರಡನೆಯದು, ಮಲಗುವ ಮುಂಚೆ ಅಭ್ಯಾಸ ಮಾಡುವುದು. ನಿದ್ದೆಗೆ ಜಾರುವ ಹೊತ್ತಿಗೆ ಹೊಸದು ಕೈತಪ್ಪಿ ಹಳೆಯದೇ ಬಂದು ಕೂರುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚಿನ ಹೊತ್ತು ಒಳ್ಳೆಯದು.

ಮೂರು ತಿಂಗಳು ಕನಸು ಬಾರದಿದ್ದರೆ ದಿನಾ ಬರೆಯುವುದನ್ನು ನಿಲ್ಲಿಸಬಹುದು. ನೋಟ್‌ಬುಕ್ಕನ್ನು ಹರಿಯಬೇಡಿ, ಒಲೆಗೂ ಹಾಕಬೇಡಿ. ವರ್ಷ ಕಳೆದು ಅದೇ ಕನಸು ಮರಳಿದರೆ ಹೊಸ ಪುಸ್ತಕ ಕೊಳ್ಳದೆ ಅದರಲ್ಲೇ ಮುಂದಿನ ಹಾಳೆಗೆ ತಾರೀಖು ಹಾಕಿ ಬರೆಯಿರಿ, ಮೊದಲು ಬಲಗಡೆ ಹಾಳೆ ತುಂಬಿಸಿ. ಶಿಡ್ಲಘಟ್ಟದ ಆ ಹೆಂಗಸಿನ ನೋಟ್‌ಬುಕ್ಕಿನಲ್ಲಿ ಕನಸಿನ ಹಾಳೆಗಳು ನಿಂತ ಮೇಲೂ ಬಲಗಡೆ ಮಾತ್ರ ಎರಡು ವಾರ ಹೆಚ್ಚಿಗೆ ತುಂಬಿದೆ. ಚಾಕಿ (ಮರಿ ಹುಳು) ತಂದ ದಿನ, ಎರಡನೇ ಮಗನ ಫೀಸು ಕಟ್ಟಿದ್ದು, ಮಳೆ. ಕೊನೆಯ ಸಾಲು: "ಅಮ್ಮ ಇವತ್ತು ಅರ್ಧ ಮುದ್ದೆ."